ವಿಎಂ ಡಿಸ್ಕಿಗೆ ಬೀಗ ಎಲ್ಲಿ ಹಾಕಬೇಕು?

ವರ್ಚುವಲ್ ಮೆಷಿನ್ (ವಿಎಂ) ಅಂದರೆ ನಿಜವಾದ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಕಟ್ಟಿಕೊಟ್ಟ ಇನ್ನೊಂದು ಕಂಪ್ಯೂಟರ್. ಅದರ ಒಳಗೆ ಓಡುವ ಲಿನಕ್ಸ್‌ಗೋ ವಿಂಡೋಸ್‌ಗೋ ತನ್ನ ಡಿಸ್ಕ್ ಎಲ್ಲಿದೆ ಅಂತ ಗೊತ್ತೇ ಇರುವುದಿಲ್ಲ. ಅದಕ್ಕೆ ಕಾಣುವುದು ಮಾಮೂಲಿ ಹಾರ್ಡ್ ಡಿಸ್ಕ್, ಅಷ್ಟೇ. ನಿಜದಲ್ಲಿ ಆ ಡಿಸ್ಕ್ ಇನ್ಯಾವುದೋ ರ‍್ಯಾಕಿನಲ್ಲಿ, ಹತ್ತಾರು ಸರ್ವರ್‌ಗಳಲ್ಲಿ ಚೂರುಚೂರಾಗಿ ಹಂಚಿಹೋಗಿರಬಹುದು. ವಿಎಂ ಒಳಗೆ ನೀವು ಒಂದು ಫೈಲ್ ಸೇವ್ ಮಾಡುತ್ತೀರಿ. ಆ ಬೈಟುಗಳು ಮೊದಲು ಹೋಸ್ಟ್‌ನಲ್ಲಿರುವ, ಅಂದರೆ ವಿಎಂ ಓಡುತ್ತಿರುವ ನಿಜವಾದ ಸರ್ವರ್‌ನಲ್ಲಿರುವ ಕ್ಯೂಎಮು ಪ್ರೋಗ್ರಾಂ ಕೈಗೆ ಬರುತ್ತವೆ. ಅದು ಅವನ್ನು ನೆಟ್‌ವರ್ಕ್ ಮೂಲಕ ಸ್ಟೋರೇಜ್ ಸರ್ವರ್‌ಗಳಿಗೆ ಕಳಿಸುತ್ತದೆ. ಅಲ್ಲಿ ಸಾಮಾನ್ಯವಾಗಿ ಮೂರು ಪ್ರತಿಗಳಾಗಿ ಕೂರುತ್ತವೆ.

ಈ ದಾರಿಯಲ್ಲಿ ಅದನ್ನು ಯಾರ್ಯಾರು ಓದಬಹುದು ಅಂತ ಒಮ್ಮೆ ಎಣಿಸಿ ನೋಡಿ. ನೆಟ್‌ವರ್ಕ್ ಸ್ವಿಚ್‌ಗೆ ಕೈ ಹಾಕಬಲ್ಲವರು, ಸ್ಟೋರೇಜ್ ನೋಡಿಕೊಳ್ಳುವ ಅಡ್ಮಿನ್, ಕೆಟ್ಟ ಡಿಸ್ಕನ್ನು ವಾರಂಟಿಗೆ ಒಯ್ಯುವ ವೆಂಡರ್, ಬ್ಯಾಕಪ್ ಇಟ್ಟಿರುವ ಇನ್ನೊಂದು ಕಂಪನಿ. ಕೀ ಇಲ್ಲದವರಿಗೆ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿಬಿಟ್ಟರೆ ಮುಗೀತಲ್ಲ ಅಂತ ಅನಿಸುವುದು ಸಹಜ. ಎನ್‌ಕ್ರಿಪ್ಶನ್‌ನ ಲೆಕ್ಕ ಇವತ್ತು ಕಷ್ಟದ್ದೇನಲ್ಲ. ಎಇಎಸ್ ವಿಧಾನ 2001ರಿಂದ ಅಮೆರಿಕ ಸರ್ಕಾರದ ಮಾನದಂಡ. ಅದನ್ನು ವೇಗವಾಗಿ ಮಾಡುವ ಸೌಲಭ್ಯ ಪ್ರೊಸೆಸರ್ ಒಳಗೇ ಬಂದು ಹತ್ತು ವರ್ಷಕ್ಕಿಂತ ಜಾಸ್ತಿ ಆಯಿತು. ತೊಡಕಿರುವುದು ಈ ಉದ್ದನೆಯ ದಾರಿಯಲ್ಲಿ ಬೀಗ ಎಲ್ಲಿ ಬೀಳಬೇಕು ಅನ್ನುವುದರಲ್ಲಿ. ಜಾಗ ಬದಲಾದರೆ ಸ್ನ್ಯಾಪ್‌ಶಾಟ್ (ಡಿಸ್ಕಿನ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವುದು), ಕ್ಲೋನ್, ಲೈವ್ ಮೈಗ್ರೇಶನ್ (ಓಡುತ್ತಿರುವ ವಿಎಂ ಅನ್ನು ಬೇರೆ ಹೋಸ್ಟ್‌ಗೆ ಸಾಗಿಸುವುದು), ಬ್ಯಾಕಪ್ ಎಲ್ಲವೂ ಬೇರೆ ಥರ ನಡೆದುಕೊಳ್ಳುತ್ತವೆ. ಸರಿಯಾದ ಜಾಗ ಸಿಗಲು ಓಪನ್ ಸೋರ್ಸ್ ಜಗತ್ತಿಗೆ ಹತ್ತಿರ ಹತ್ತಿರ ಎರಡು ದಶಕ ಬೇಕಾಯಿತು.

ಇಲ್ಲಿ ಬರುವ ಪಾತ್ರಧಾರಿಗಳು ನಾಲ್ವರು. ಕ್ಯೂಎಮು, 2003ರಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಶುರು ಮಾಡಿದ ಎಮ್ಯುಲೇಟರ್, ಅಂದರೆ ಒಂದು ಕಂಪ್ಯೂಟರನ್ನು ಸಾಫ್ಟ್‌ವೇರ್‌ನಲ್ಲಿ ಅನುಕರಿಸುವ ಪ್ರೋಗ್ರಾಂ. ಕೆವಿಎಂ, 2007ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಸೇರಿ ಕ್ಯೂಎಮುಗೆ ವೇಗ ಕೊಟ್ಟದ್ದು. ಲಿಬ್‌ವರ್ಟ್, ಇವೆರಡನ್ನೂ ಸುಲಭವಾಗಿ ನಿಭಾಯಿಸುವ ಪದರ. ನಾಲ್ಕನೆಯದು ಸೆಫ್. ಸೇಜ್ ವೈಲ್ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗಾಗಿ ಮಾಡಿದ ಕೆಲಸದಿಂದ ಹುಟ್ಟಿದ ಸ್ಟೋರೇಜ್ ವ್ಯವಸ್ಥೆ ಅದು. ಸೆಫ್‌ನಲ್ಲಿ ವಿಎಂ ಡಿಸ್ಕಿಗೆ ಆರ್‌ಬಿಡಿ ಇಮೇಜ್ ಅನ್ನುತ್ತಾರೆ. ಆ ಇಮೇಜನ್ನು 4 ಎಂಬಿಯ ತುಂಡುಗಳಾಗಿ ಮಾಡಿ ಕ್ಲಸ್ಟರ್ ತುಂಬ ಹರಡುತ್ತಾರೆ. ಪ್ರತಿ ತುಂಡಿಗೂ ಆಬ್ಜೆಕ್ಟ್ ಅಂತ ಹೆಸರು. ಕ್ಯೂಎಮು ಈ ಇಮೇಜನ್ನು ಲಿಬ್‌ಆರ್‌ಬಿಡಿ ಅನ್ನುವ ಲೈಬ್ರರಿ ಮೂಲಕ ನೇರವಾಗಿ ತೆರೆಯುತ್ತದೆ. ಹೋಸ್ಟ್‌ನ ಕರ್ನಲ್ ಮಧ್ಯೆ ಬರುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾರಿಂದ ಕಾಪಾಡಬೇಕು?

ಬೀಗ ಹಾಕಲು ಜಾಗಗಳು ಹಲವಿವೆ. ಒಂದೊಂದು ಜಾಗ ಒಂದೊಂದು ಕಳ್ಳನನ್ನು ಮಾತ್ರ ತಡೆಯುತ್ತದೆ.

ಸ್ಟೋರೇಜ್ ಸರ್ವರ್‌ನ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡುವುದು ಎಲ್ಲಕ್ಕಿಂತ ಸುಲಭ. ಸೆಫ್‌ನಲ್ಲಿ ಡಿಸ್ಕ್ ಸೇರಿಸುವಾಗ ಒಂದು ಆಯ್ಕೆ ಕೊಟ್ಟರೆ ಸಾಕು, ಕೆಳಗೆ ಲಿನಕ್ಸ್ ಕರ್ನಲ್‌ನ ಡಿಸ್ಕ್ ಎನ್‌ಕ್ರಿಪ್ಶನ್ ಭಾಗವಾದ ಡಿಎಂ-ಕ್ರಿಪ್ಟ್ ಕೂತುಕೊಳ್ಳುತ್ತದೆ. ಡಿಸ್ಕ್ ಕಿತ್ತುಕೊಂಡು ಹೋದವನಿಗೆ ಏನೂ ಸಿಗುವುದಿಲ್ಲ. ಆದರೆ ಸರ್ವರ್ ಓಡುತ್ತಿರುವಾಗ ಎಲ್ಲವೂ ಬಿಚ್ಚಿಟ್ಟಂತೆಯೇ. ಸ್ಟೋರೇಜ್ ಅಡ್ಮಿನ್ ಯಾವ ಇಮೇಜನ್ನು ಬೇಕಾದರೂ ಎಕ್ಸ್‌ಪೋರ್ಟ್ ಮಾಡಿ ಓದಬಹುದು. ತಂತಿಯಲ್ಲೂ ಡೇಟಾ ಬೆತ್ತಲೆಯಾಗಿಯೇ ಹೋಗುತ್ತದೆ.

ಇನ್ನೊಂದು ತುದಿಯಲ್ಲಿ, ವಿಎಂ ಒಳಗೇ ವಿಂಡೋಸ್‌ನ ಬಿಟ್‌ಲಾಕರ್ ಅಥವಾ ಡಿಎಂ-ಕ್ರಿಪ್ಟ್ ಹಾಕಬಹುದು. ದಾರಿಯುದ್ದಕ್ಕೂ ಡೇಟಾ ಮುಚ್ಚಿರುತ್ತದೆ. ಆದರೆ ವಿಎಂ ರೀಬೂಟ್ ಆದಾಗಲೆಲ್ಲ ಕೀ ಕೊಡುವವರು ಯಾರು? ರಾತ್ರಿ ಎರಡು ಗಂಟೆಗೆ ಹೋಸ್ಟ್ ಕೈಕೊಟ್ಟು, ಐವತ್ತು ವಿಎಂಗಳು ಬೇರೆ ಕಡೆ ತಾವಾಗಿಯೇ ಏಳಬೇಕಾದರೆ, ಐವತ್ತು ಕನ್ಸೋಲ್‌ಗಳಲ್ಲಿ ಪಾಸ್‌ವರ್ಡ್ ಟೈಪ್ ಮಾಡಲು ಆಗುತ್ತಾ? ಸ್ವಯಂಚಾಲಿತ ದಾರಿಗಳೂ ಇವೆ, ಆದರೆ ಪ್ರತಿ ಗೆಸ್ಟ್‌ನಲ್ಲೂ (ವಿಎಂ ಒಳಗಿನ ಓಎಸ್‌ನಲ್ಲೂ) ಅವನ್ನು ಬೇರೆ ಬೇರೆಯಾಗಿ ಹೊಂದಿಸಬೇಕು. ಗಿರಾಕಿಗಳು ಹತ್ತಾರು ಬಗೆಯ ಓಎಸ್ ತರುವ ಕಡೆ ಅದು ನಡೆಯುವ ಮಾತಲ್ಲ.

ಉಳಿಯುವುದು ನಡುವಿನ ಜಾಗ, ಅಂದರೆ ಹೋಸ್ಟ್‌ನಲ್ಲಿರುವ ಕ್ಯೂಎಮು. ಗೆಸ್ಟ್‌ಗೆ ಏನೂ ಗೊತ್ತಾಗಬೇಕಿಲ್ಲ. ಡೇಟಾ ನೆಟ್‌ವರ್ಕ್‌ಗೆ ಇಳಿಯುವ ಮೊದಲೇ ಎನ್‌ಕ್ರಿಪ್ಟ್ ಆಗಿರುತ್ತದೆ. ಸ್ಟೋರೇಜ್ ಅಡ್ಮಿನ್‌ಗೂ, ತಂತಿ ಕದ್ದು ಕೇಳುವವನಿಗೂ, ಡಿಸ್ಕ್ ಕದಿಯುವವನಿಗೂ ಅರ್ಥವಿಲ್ಲದ ಬೈಟುಗಳಷ್ಟೇ ಸಿಗುತ್ತವೆ. ಹೋಸ್ಟ್‌ನಲ್ಲಿ ಪೂರ್ತಿ ಅಧಿಕಾರವಿರುವ ರೂಟ್ ಬಳಕೆದಾರನಿಂದ ಮಾತ್ರ ರಕ್ಷಣೆ ಇಲ್ಲ. ಕೀ ಇರುವುದೇ ಅಲ್ಲಿನ ಮೆಮೊರಿಯಲ್ಲಿ. ಅವನನ್ನೂ ನಂಬದಿದ್ದರೆ ಮೆಮೊರಿಯನ್ನೇ ಎನ್‌ಕ್ರಿಪ್ಟ್ ಮಾಡುವ ಪ್ರೊಸೆಸರ್‌ಗಳ ಕಡೆ ಹೋಗಬೇಕು. ಅದು ಬೇರೆಯದೇ ಪ್ರಪಂಚ.

ಮೊದಲ ಪ್ರಯತ್ನ ಯಾಕೆ ಕೆಟ್ಟಿತು

ಕ್ಯೂಎಮುನಲ್ಲಿ ಎನ್‌ಕ್ರಿಪ್ಶನ್ ತುಂಬ ಹಿಂದೆಯೇ ಬಂದಿತ್ತು. ಅದರದ್ದೇ ಇಮೇಜ್ ಫೈಲ್ ವಿಧಾನವಾದ ಕ್ಯೂಕೌ2ನಲ್ಲಿ 128 ಬಿಟ್ ಎಇಎಸ್ ಇತ್ತು. ಹೆಸರು ಕೇಳಿದರೆ ಭದ್ರ ಅನಿಸುತ್ತದೆ. ಒಳಗೆ ನೋಡಿದರೆ ಸೋರಿಕೆಯೇ ಜಾಸ್ತಿ.

ಬಳಕೆದಾರ ಕೊಟ್ಟ ಪಾಸ್‌ವರ್ಡೇ ನೇರವಾಗಿ ಎನ್‌ಕ್ರಿಪ್ಶನ್ ಕೀ ಆಗುತ್ತಿತ್ತು. ಆರು ಅಕ್ಷರದ ಪಾಸ್‌ವರ್ಡ್ ಕೊಟ್ಟರೆ ಕೀಯ ಬಲವೂ ಆರು ಅಕ್ಷರದಷ್ಟೇ. ಒಂದೊಂದು ಊಹೆಗೂ ಸಮಯ ಹಿಡಿಯುವಂತೆ ಮಾಡುವ ಲೆಕ್ಕಾಚಾರ ಮಧ್ಯೆ ಇರಲೇ ಇಲ್ಲ. ಎರಡನೆಯದು, ಪ್ರತಿ ಸೆಕ್ಟರ್‌ನ (ಡಿಸ್ಕಿನ ಪುಟ್ಟ ತುಂಡಿನ) ಎನ್‌ಕ್ರಿಪ್ಶನ್ ಶುರುವಾಗಲು ಬೇಕಾದ ಆರಂಭಿಕ ಮೌಲ್ಯವನ್ನು ಸೆಕ್ಟರ್ ಸಂಖ್ಯೆಯಿಂದಲೇ ಎತ್ತಿಕೊಳ್ಳುತ್ತಿದ್ದರು. ಅಲ್ಲಿ ಬಳಸಿದ್ದ ಸಿಬಿಸಿ ವಿಧಾನಕ್ಕೆ ಊಹಿಸಲಾಗದ ಮೌಲ್ಯ ಬೇಕು. ಊಹಿಸಬಹುದಾದ್ದನ್ನು ಕೊಟ್ಟರೆ, ತಾನೇ ತಯಾರಿಸಿದ ಒಂದು ಫೈಲ್ ಆ ಡಿಸ್ಕಿನಲ್ಲಿದೆಯೋ ಇಲ್ಲವೋ ಅಂತ ಹೊರಗಿನವನು ಕೀ ಇಲ್ಲದೆಯೇ ಪತ್ತೆ ಮಾಡಬಹುದು. ಮೂರನೆಯದು ದಿನನಿತ್ಯದ ತಲೆನೋವು. ಪಾಸ್‌ವರ್ಡ್ ಬದಲಾಯಿಸುವ ದಾರಿಯೇ ಇರಲಿಲ್ಲ. ಸೋರಿಹೋದರೆ ಇಡೀ ಇಮೇಜನ್ನು ಹೊಸದಾಗಿ ನಕಲು ಮಾಡಬೇಕಿತ್ತು. ಇದನ್ನು ಬಳಸಬೇಡಿ ಅಂತ ಕ್ಯೂಎಮುನ ಕೈಪಿಡಿಯೇ ಕೊನೆಗೆ ಬರೆಯಿತು.

ಆಗ ಭದ್ರತೆ ಬೇಕಾದವರು ಸುತ್ತುದಾರಿ ಹಿಡಿದರು. ನೆಟ್‌ವರ್ಕ್ ಡಿಸ್ಕನ್ನು ಮೊದಲು ಹೋಸ್ಟ್‌ನ ಕರ್ನಲ್‌ಗೆ ಜೋಡಿಸುವುದು, ಅದರ ಮೇಲೆ ಡಿಎಂ-ಕ್ರಿಪ್ಟ್ ಹಾಕುವುದು, ಹಾಗೆ ಸಿಕ್ಕ ಸಾಧನವನ್ನು ಕ್ಯೂಎಮುಗೆ ಕೊಡುವುದು. ಕೆಲಸ ಆಗುತ್ತದೆ. ಆದರೆ ಎಲ್ಲಕ್ಕೂ ರೂಟ್ ಅಧಿಕಾರ ಬೇಕು. ವಿಎಂ ಬೇರೆ ಹೋಸ್ಟ್‌ಗೆ ಹೋಗುವಾಗ ಅಲ್ಲಿಯೂ ಮೊದಲೇ ಇದೆಲ್ಲವನ್ನೂ ಜೋಡಿಸಿಟ್ಟಿರಬೇಕು. ಸೆಫ್ ಬಳಸುವವರಿಗಂತೂ ಇದು ಒಗ್ಗುವುದೇ ಇಲ್ಲ, ಯಾಕಂದರೆ ಲಿಬ್‌ಆರ್‌ಬಿಡಿ ಕರ್ನಲ್ಲನ್ನು ಮುಟ್ಟುವುದೇ ಇಲ್ಲವಲ್ಲ. ಡಿಎಂ-ಕ್ರಿಪ್ಟ್ ಕೂರಿಸಲು ಅಲ್ಲಿ ಜಾಗವೇ ಸಿಗುವುದಿಲ್ಲ.

2016ರಲ್ಲಿ ಕ್ಯೂಎಮು 2.6 ಬಂತು. ಅದರಲ್ಲಿ ಲಕ್ಸ್ ಬೆಂಬಲ ನೇರವಾಗಿ ಕ್ಯೂಎಮು ಒಳಗೇ ಇತ್ತು.

ಲಕ್ಸ್ ಮಾಡುವುದೇನು?

ಲಕ್ಸ್ ಅನ್ನುವುದು ಲಿನಕ್ಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಶನ್‌ಗೆ ಇರುವ ಮಾನಕ ವಿನ್ಯಾಸ. ನಿಮ್ಮ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕುವಾಗ ಡಿಸ್ಕ್ ಎನ್‌ಕ್ರಿಪ್ಟ್ ಮಾಡಲೇ ಅಂತ ಕೇಳುತ್ತದಲ್ಲ, ಅದರ ಹಿಂದೆ ಇರುವುದು ಇದೇ.

ಇಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗುವುದು ನಿಮ್ಮ ಪಾಸ್‌ವರ್ಡ್‌ನಿಂದಲ್ಲ. ಕಂಪ್ಯೂಟರೇ ಹುಟ್ಟಿಸಿದ ಮಾಸ್ಟರ್ ಕೀ ಒಂದಿರುತ್ತದೆ. ಡಿಸ್ಕಿನ ಮೊದಲಲ್ಲಿ ಹೆಡರ್ ಅಂತ ಒಂದಷ್ಟು ಜಾಗ. ಆ ಹೆಡರ್‌ನಲ್ಲಿ ಕೀ ಸ್ಲಾಟ್‌ಗಳು. ಗೋಡೌನಿನ ಒಂದೇ ಕೀಲಿಕೈಯ ಎಂಟು ನಕಲು ಮಾಡಿಸಿ, ಎಂಟು ಜನರ ಸ್ವಂತ ಪೆಟ್ಟಿಗೆಗಳಲ್ಲಿ ಇಟ್ಟ ಹಾಗೆ. ಒಬ್ಬೊಬ್ಬರೂ ತಮ್ಮ ಪೆಟ್ಟಿಗೆ ತೆಗೆದರೆ ಸಿಗುವುದು ಅದೇ ಗೋಡೌನಿನ ಕೀಲಿಕೈ. ಲಕ್ಸ್‌ನ ಮೊದಲ ಆವೃತ್ತಿಯಲ್ಲಿ ಇಂಥ ಸ್ಲಾಟ್‌ಗಳು ಎಂಟು. ಪಾಸ್‌ವರ್ಡ್ ಬದಲಾಯಿಸಿದರೆ ಒಂದು ಸ್ಲಾಟ್ ಮಾತ್ರ ಬದಲಾಗುತ್ತದೆ. ಡಿಸ್ಕಿನಲ್ಲಿರುವ ನೂರಾರು ಜಿಬಿ ಡೇಟಾವನ್ನು ಮುಟ್ಟುವ ಪ್ರಶ್ನೆಯೇ ಇಲ್ಲ.

ಪಾಸ್‌ವರ್ಡ್‌ನಿಂದ ಸ್ಲಾಟ್ ತೆರೆಯುವಾಗ ಬೇಕಂತಲೇ ನಿಧಾನವಾದ ಲೆಕ್ಕ ನಡೆಯುತ್ತದೆ. ಲಕ್ಸ್1ರಲ್ಲಿ ಇದಕ್ಕೆ ಪಿಬಿಕೆಡಿಎಫ್2 ಇದೆ. ಲಕ್ಸ್2ರಲ್ಲಿ ಆರ್ಗಾನ್2. ಇದು ಮೆಮೊರಿಯನ್ನೂ ಚೆನ್ನಾಗಿ ತಿನ್ನುತ್ತದೆ. ಹಾಗಾಗಿ ಸಾವಿರಾರು ಪಾಸ್‌ವರ್ಡ್‌ಗಳನ್ನು ಗ್ರಾಫಿಕ್ಸ್ ಕಾರ್ಡಿನಲ್ಲಿ ಒಟ್ಟೊಟ್ಟಿಗೆ ಪ್ರಯತ್ನಿಸುವವನಿಗೆ ದುಬಾರಿ ಬೀಳುತ್ತದೆ.

ಕ್ಯೂಎಮುನ ಲಕ್ಸ್ ಒಂದು ಪದರ. ಕೆಳಗೆ ಯಾವ ಸ್ಟೋರೇಜ್ ಬೇಕಾದರೂ ಇರಬಹುದು: ಸಾದಾ ಫೈಲ್, ಇಲ್ಲವೇ ನೆಟ್‌ವರ್ಕ್ ಡಿಸ್ಕಿನ ವಿಧಾನಗಳಾದ ಐಸ್ಕಸಿ, ಎನ್‌ಬಿಡಿ, ಆರ್‌ಬಿಡಿ. ಒಂದೇ ಕೋಡ್ ಎಲ್ಲಕ್ಕೂ ಆಗುತ್ತದೆ. 2017ರಲ್ಲಿ, ಕ್ಯೂಎಮು 2.10ರ ಹೊತ್ತಿಗೆ, ಕ್ಯೂಕೌ2 ಒಳಗಿನ ಹಳೆಯ ವಿಧಾನದ ಜಾಗಕ್ಕೂ ಲಕ್ಸ್ ಬಂತು. ವಿನ್ಯಾಸದ ದೃಷ್ಟಿಯಿಂದ ತುಂಬ ಚೊಕ್ಕ. ನನ್ನನ್ನು ಕೇಳಿದರೆ, ಕ್ಲೋನ್ ಬೇಕಿಲ್ಲದವರಿಗೆ ಇವತ್ತಿಗೂ ಇದೇ ಸಾಕು.

ಕ್ಲೋನ್ ಮಾಡಿದಾಗ ಆಗುವ ಫಜೀತಿ

ಸೆಫ್ ಬಳಸುವವರು ಅದನ್ನು ಮೆಚ್ಚುವ ದೊಡ್ಡ ಕಾರಣಗಳಲ್ಲಿ ಒಂದು ಕ್ಲೋನ್. ಉಬುಂಟು ಹಾಕಿ ಸಿದ್ಧ ಮಾಡಿದ ಒಂದು ಮೂಲ ಇಮೇಜ್ ಇಟ್ಟುಕೊಳ್ಳುತ್ತಾರೆ. ಹೊಸ ವಿಎಂ ಬೇಕಾದಾಗ ಅದರ ಕ್ಲೋನ್ ಮಾಡುತ್ತಾರೆ. ಕ್ಷಣದಲ್ಲಿ ಆಗುತ್ತದೆ, ಯಾಕಂದರೆ ಏನೂ ನಕಲಾಗುವುದಿಲ್ಲ. ಕ್ಲೋನ್‌ನಲ್ಲಿ ಇಲ್ಲದ ಆಬ್ಜೆಕ್ಟನ್ನು ಓದಲು ಹೋದರೆ ಸೆಫ್ ಮೂಲ ಇಮೇಜ್‌ನಿಂದ ತಂದುಕೊಡುತ್ತದೆ. ಬರೆಯಲು ಹೋದಾಗ ಮಾತ್ರ ಆ ತುಂಡು ಕ್ಲೋನ್‌ಗೆ ನಕಲಾಗುತ್ತದೆ.

ಇದರ ಮೇಲೆ ಕ್ಯೂಎಮುನ ಲಕ್ಸ್ ಪದರ ಇಡೋಣ. ಆ ಪದರಕ್ಕೆ ಕೆಳಗೆ ಕ್ಲೋನ್ ಇದೆ, ಮೂಲ ಇದೆ ಅನ್ನುವುದು ಗೊತ್ತೇ ಇಲ್ಲ. ಅದಕ್ಕೆ ಕಾಣುವುದು ಉದ್ದನೆಯ ಒಂದು ಡಿಸ್ಕ್. ಇಡೀ ಡಿಸ್ಕಿಗೆ ಒಂದೇ ಮಾಸ್ಟರ್ ಕೀ ಅಂತ ಅದು ನಂಬಿಕೊಂಡಿರುತ್ತದೆ.

ಮೂಲ ಇಮೇಜ್ ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ ಕ್ಲೋನ್ ಎನ್‌ಕ್ರಿಪ್ಟ್ ಆಗುವಂತೆಯೇ ಇಲ್ಲ. ಮೂಲದಿಂದ ಬಂದ ಸಾದಾ ಬೈಟುಗಳನ್ನು ಲಕ್ಸ್ ಪದರ ಡಿಕ್ರಿಪ್ಟ್ ಮಾಡಲು ಹೋಗಿ ಕಸ ಕೊಡುತ್ತದೆ. ಹಾಗಾದರೆ ಪೂರ್ತಿ ನಕಲು ಮಾಡಿ ಎನ್‌ಕ್ರಿಪ್ಟ್ ಮಾಡಬೇಕು. ಕ್ಲೋನ್‌ನ ಲಾಭವೇ ಹೋಯಿತು. ಸರಿ, ಮೂಲವನ್ನೇ ಎನ್‌ಕ್ರಿಪ್ಟ್ ಮಾಡಿ ಇಡೋಣ ಅಂದರೆ ಇನ್ನೂ ಕೆಟ್ಟದ್ದು ಕಾದಿದೆ. ಕ್ಲೋನ್ ಮಾಡಿದಾಗ ಹೆಡರ್ ಕೂಡ ಜೊತೆಗೇ ಬರುತ್ತದೆ. ನೂರು ಗಿರಾಕಿಗಳಿಗೆ ನೂರು ಕ್ಲೋನ್ ಕೊಟ್ಟರೆ ನೂರಕ್ಕೂ ಒಂದೇ ಮಾಸ್ಟರ್ ಕೀ. ಒಬ್ಬೊಬ್ಬರ ಪಾಸ್‌ವರ್ಡ್ ಬದಲಾಯಿಸಿದರೂ ಬದಲಾಗುವುದು ಹೊರಗಿನ ಸ್ಲಾಟ್ ಮಾತ್ರ. ಒಬ್ಬನ ಮಾಸ್ಟರ್ ಕೀ ಸೋರಿದರೆ ಮಿಕ್ಕ ತೊಂಬತ್ತೊಂಬತ್ತು ಜನರ ಡೇಟಾ ಕೂಡ ತೆರೆದುಕೊಂಡಿತು ಅಂತಲೇ ಅರ್ಥ.

ಇನ್ನೊಂದು ಸಣ್ಣ ಕಿರಿಕಿರಿ ಇದೆ. ಆರ್‌ಬಿಡಿಯಲ್ಲಿ ಯಾರೂ ಬರೆಯದ ಜಾಗ ಓದಿದರೆ ಸೊನ್ನೆಗಳು ಬರುತ್ತವೆ. ಆ ಸೊನ್ನೆಗಳು ಖಾಲಿ ಜಾಗದವು ಅಂತ ಲಕ್ಸ್ ಪದರಕ್ಕೆ ತಿಳಿಯದು. ಅವನ್ನೂ ಡಿಕ್ರಿಪ್ಟ್ ಮಾಡುತ್ತದೆ. ಗೆಸ್ಟ್‌ಗೆ ಸೊನ್ನೆಯ ಬದಲು ಗೊಂದಲದ ಬೈಟುಗಳು ಸಿಗುತ್ತವೆ. ಖಾಲಿ ಜಾಗ ಬಿಟ್ಟು ನಕಲು ಮಾಡುವ ಉಳಿತಾಯದ ಉಪಾಯಗಳೆಲ್ಲ ಅಲ್ಲಿಗೆ ನಿಂತವು.

ಐಬಿಎಂ ಎಂಜಿನಿಯರುಗಳು ಹಿಡಿದ ದಾರಿ, ಎನ್‌ಕ್ರಿಪ್ಶನ್ನನ್ನು ಒಂದು ಮೆಟ್ಟಿಲು ಕೆಳಗೆ ಇಳಿಸಿ ಲಿಬ್‌ಆರ್‌ಬಿಡಿ ಒಳಗೇ ಇಡುವುದು. ಹೋಸ್ಟ್ ಅದೇ, ಪ್ರೊಸೆಸ್ ಕೂಡ ಅದೇ. ಡೇಟಾ ತಂತಿಗೆ ಇಳಿಯುವ ಮುನ್ನವೇ ಮುಚ್ಚಿರುತ್ತದೆ, ಹಾಗಾಗಿ ಭದ್ರತೆಯಲ್ಲಿ ಏನೂ ಕಮ್ಮಿ ಆಗಲಿಲ್ಲ. ಆದರೆ ಲಿಬ್‌ಆರ್‌ಬಿಡಿಗೆ ಕ್ಲೋನ್ ಗೊತ್ತು, ಮೂಲ ಗೊತ್ತು, ಯಾವ ಆಬ್ಜೆಕ್ಟ್ ಇದೆ, ಯಾವುದು ಇಲ್ಲ ಅನ್ನುವುದೂ ಗೊತ್ತು. 2021ರಲ್ಲಿ ಬಂದ ಸೆಫ್‌ನ ಪೆಸಿಫಿಕ್ ಆವೃತ್ತಿಯಲ್ಲಿ ಇದು ಸೇರಿತು. ಅದೇ ವರ್ಷ ಕ್ಯೂಎಮು 6.1ರ ಆರ್‌ಬಿಡಿ ಡ್ರೈವರ್‌ಗೆ ಹೊಸ ಆಯ್ಕೆ ಬಂತು: ಇಮೇಜ್ ತೆರೆಯುವಾಗ ಎನ್‌ಕ್ರಿಪ್ಶನ್ ವಿಧಾನ ಮತ್ತು ಕೀ ಕೊಟ್ಟರೆ ಅದನ್ನು ಲಿಬ್‌ಆರ್‌ಬಿಡಿಗೆ ದಾಟಿಸುತ್ತದೆ. ಒಂದು ಬೋನಸ್ಸೂ ಸಿಕ್ಕಿತು. ಕ್ಯೂಎಮುನ ಸ್ವಂತ ಪದರಕ್ಕೆ ಲಕ್ಸ್1 ಮಾತ್ರ ಗೊತ್ತು. ಲಿಬ್‌ಆರ್‌ಬಿಡಿಗೆ ಲಕ್ಸ್2 ಕೂಡ ಬರುತ್ತದೆ.

ಪದರಪದರವಾದ ಎನ್‌ಕ್ರಿಪ್ಶನ್, ಅಂದರೆ ಮೂಲಕ್ಕೆ ಒಂದು ಕೀ, ಕ್ಲೋನ್‌ಗೆ ಬೇರೆ ಕೀ, ಪೂರ್ತಿಯಾಗಿ ಕೈಗೂಡಿದ್ದು 2023ರಲ್ಲಿ. ಕ್ಯೂಎಮು 8.0 ಮತ್ತು ಸೆಫ್‌ನ ರೀಫ್ ಆವೃತ್ತಿ ಎರಡೂ ಆ ವರ್ಷದವು. ಕ್ಯೂಎಮು ಈಗ ಕ್ಲೋನ್‌ನ ಕೀ ಜೊತೆಗೆ ಅದರ ಮೂಲದ ಕೀಯನ್ನೂ, ಬೇಕಾದರೆ ಮೂಲದ ಮೂಲದ ಕೀಯನ್ನೂ ಸರಪಳಿಯಂತೆ ಕೊಡಬಲ್ಲದು.

ಓದುವಾಗ ಏನಾಗುತ್ತದೆ ನೋಡಿ. ಕ್ಲೋನ್‌ನಲ್ಲಿ ಆ ಆಬ್ಜೆಕ್ಟ್ ಇದ್ದರೆ ಕ್ಲೋನ್‌ನ ಕೀಯಿಂದ ಡಿಕ್ರಿಪ್ಟ್. ಇಲ್ಲದಿದ್ದರೆ ಮೂಲಕ್ಕೆ ಹೋಗಿ ಮೂಲದ ಕೀಯಿಂದ ಡಿಕ್ರಿಪ್ಟ್. ಮೂಲ ಸಾದಾ ಇಮೇಜ್ ಆಗಿದ್ದರೆ ಹಾಗೇ ಓದುವುದು. ಬರೆಯುವಾಗ ಮೂಲದ ತುಂಡನ್ನು ಬಿಚ್ಚಿ, ಕ್ಲೋನ್‌ನ ಕೀಯಿಂದ ಮತ್ತೆ ಮುಚ್ಚಿ ಇಡುವುದು. ಹೀಗೆ ಸಾದಾ ಉಬುಂಟು ಇಮೇಜ್ ಒಂದೇ ಇಟ್ಟುಕೊಂಡು, ಪ್ರತಿ ಗಿರಾಕಿಗೂ ಬೇರೆ ಕೀ ಇರುವ ಕ್ಲೋನ್ ಕ್ಷಣದಲ್ಲಿ ಕೊಡಬಹುದು. ಗಿರಾಕಿ ಬರೆದದ್ದೆಲ್ಲ ಅವನ ಕೀಯ ಕೆಳಗೆ. ಎಲ್ಲರಿಗೂ ಸಮಾನವಾದ ಉಬುಂಟು ಫೈಲ್‌ಗಳು ಸಾದಾ ಆಗಿದ್ದರೆ ಯಾರಿಗೇನು ನಷ್ಟ?

ಇದರಲ್ಲಿ ಒಂದು ಸೂಕ್ಷ್ಮ ಇದೆ. ಕ್ಲೋನ್‌ನ ಮೊದಲಲ್ಲಿ ಈಗ ಹೆಡರ್ ಕೂತಿದೆ. ಸಾದಾ ಮೂಲಕ್ಕೆ ಹೆಡರ್ ಇಲ್ಲ. ಹಾಗಾಗಿ ಎರಡರಲ್ಲೂ ಡೇಟಾ ಶುರುವಾಗುವ ಜಾಗ ಬೇರೆ ಬೇರೆ. ಈ ವ್ಯತ್ಯಾಸವನ್ನು ಲಿಬ್‌ಆರ್‌ಬಿಡಿ ಪ್ರತಿ ಸಲವೂ ಸರಿಹೊಂದಿಸುತ್ತದೆ. ಗೆಸ್ಟ್‌ಗೆ ಕಾಣುವ ಮೊದಲ ಬೈಟು ಮೂಲದ ಮೊದಲ ಬೈಟೇ ಆಗಿರುತ್ತದೆ.

ಇಂಥ ಕ್ಲೋನ್‌ಗೆ ಸಾಮಾನ್ಯ ಲಕ್ಸ್ ಉಪಕರಣ ಹಚ್ಚಿದರೆ ಅನಾಹುತ. ಅದಕ್ಕೆ ಮೂಲದ ವಿಚಾರ ಗೊತ್ತಿಲ್ಲ. ಇದನ್ನು ತಡೆಯಲು ಮಾಡಿದ ಉಪಾಯ ನನಗೆ ತುಂಬ ಇಷ್ಟವಾಯಿತು. ಲಕ್ಸ್ ಡಿಸ್ಕಿನ ಮೊದಲ ನಾಲ್ಕು ಬೈಟುಗಳಲ್ಲಿ ಇಂಗ್ಲಿಷಿನ ಎಲ್, ಯು, ಕೆ, ಎಸ್ ಅಕ್ಷರಗಳಿರುತ್ತವೆ. ಗುರುತಿನ ಚೀಟಿ ಅದು. ಮೂಲದ ಮೇಲೆ ನಿಂತ, ತನ್ನದೇ ಕೀ ಇರುವ ಕ್ಲೋನ್‌ನಲ್ಲಿ ಅದರ ಬದಲು ಆರ್, ಬಿ, ಡಿ, ಎಲ್ ಅಂತ ಬರೆದಿಡುತ್ತಾರೆ. ಮಾಮೂಲಿ ಉಪಕರಣ ಇದು ನನ್ನದಲ್ಲ ಅಂತ ಬಿಟ್ಟುಬಿಡುತ್ತದೆ. ಕ್ಲೋನ್ ಅಲ್ಲದ ಸಾಮಾನ್ಯ ಇಮೇಜ್‌ಗಳು ಮಾತ್ರ ಮಾನಕ ಲಕ್ಸ್ ಆಗಿಯೇ ಇರುತ್ತವೆ. ಬೇಕಿದ್ದರೆ ಕರ್ನಲ್‌ನ ಡಿಎಂ-ಕ್ರಿಪ್ಟ್‌ನಿಂದಲೂ ತೆರೆಯಬಹುದು.

ಅಳತೆಯ ಲೆಕ್ಕವೂ ಜನರನ್ನು ಎಡವಿಸುತ್ತದೆ. 50 ಜಿಬಿಯ ಇಮೇಜನ್ನು ಎನ್‌ಕ್ರಿಪ್ಟ್ ಮಾಡಲು ಸಿದ್ಧಪಡಿಸಿದರೆ ಗೆಸ್ಟ್‌ಗೆ 50 ಜಿಬಿ ಸಿಗುವುದಿಲ್ಲ. ಹೆಡರ್ ತನ್ನ ಪಾಲು ತೆಗೆದುಕೊಳ್ಳುತ್ತದೆ. ಲಕ್ಸ್2ರಲ್ಲಿ ಇದು ಸಾಮಾನ್ಯವಾಗಿ 16 ಎಂಬಿ. ಹೊಸ ಡಿಸ್ಕ್ ಆದರೆ ಯಾರೂ ಗಮನಿಸುವುದಿಲ್ಲ. ಕ್ಲೋನ್ ಆದರೆ ಮೂಲದ ಬಾಲದ 16 ಎಂಬಿ ಕತ್ತರಿಸಿಹೋಗುತ್ತದೆ. ಪಾರ್ಟಿಷನ್ ಟೇಬಲ್‌ನ (ಡಿಸ್ಕಿನ ಭಾಗಗಳ ಪಟ್ಟಿಯ) ಎರಡನೆಯ ಪ್ರತಿ ಇರುವುದು ಅಲ್ಲೇ. ಆದ್ದರಿಂದ ಕ್ಲೋನನ್ನು ಮರೆಯದೆ ಅಷ್ಟು ಹಿಗ್ಗಿಸಬೇಕು.

ಕೀ ತಲುಪಿಸುವ ಕೆಲಸ

ಕೋಡ್ ಬರೆದು ಆಯಿತು. ಕೀ ಕ್ಯೂಎಮುಗೆ ಹೇಗೆ ಕೊಡುವುದು? ಕಮಾಂಡ್ ಲೈನ್‌ನಲ್ಲಿ ಬರೆದರೆ, ಪ್ರೊಸೆಸ್ ಪಟ್ಟಿ ನೋಡಬಲ್ಲ ಯಾರಿಗಾದರೂ ಅದು ಕಾಣುತ್ತದೆ. ಲಾಗ್ ಫೈಲ್‌ನಲ್ಲೂ ಬೀಳುತ್ತದೆ. ಅದಕ್ಕೇ ಕ್ಯೂಎಮುನಲ್ಲಿ ಸೀಕ್ರೆಟ್ ಅನ್ನುವ ಪ್ರತ್ಯೇಕ ವಸ್ತುವನ್ನೇ ಮಾಡಿದ್ದಾರೆ. ಲಿಬ್‌ವರ್ಟ್ ಪ್ರತಿ ವಿಎಂ ಶುರುವಾಗುವಾಗ ಹೊಸದಾಗಿ 32 ಬೈಟಿನ ಒಂದು ಕೀ ಹುಟ್ಟಿಸಿ, ಆ ವಿಎಂ ಮಾತ್ರ ಓದಬಲ್ಲ ಫೈಲ್‌ನಲ್ಲಿ ಇಡುತ್ತದೆ. ಲಕ್ಸ್ ಪಾಸ್‌ವರ್ಡ್ ಈ ಕೀಯಿಂದ ಎನ್‌ಕ್ರಿಪ್ಟ್ ಆಗಿಯೇ ಕ್ಯೂಎಮುಗೆ ಹೋಗುತ್ತದೆ. ಕಮಾಂಡ್ ಲೈನ್ ನೋಡಿದವನಿಗೆ ಕಾಣುವುದು ಅರ್ಥವಿಲ್ಲದ ಅಕ್ಷರಗಳು.

ವಿಎಂನ ಎಕ್ಸ್‌ಎಂಎಲ್ ವಿವರಣೆಯಲ್ಲಿ ಡಿಸ್ಕಿನ ಕೆಳಗೆ ಎನ್‌ಕ್ರಿಪ್ಶನ್ ಭಾಗ ಇರುತ್ತದೆ. ಅಲ್ಲಿ ಪಾಸ್‌ವರ್ಡ್ ಬರೆಯುವುದಿಲ್ಲ. ಸೀಕ್ರೆಟ್‌ನ ಗುರುತಿನ ಸಂಖ್ಯೆ ಮಾತ್ರ. ಎನ್‌ಕ್ರಿಪ್ಟ್ ಮಾಡುವ ಎಂಜಿನ್ ಯಾವುದು, ಕ್ಯೂಎಮುನದೋ ಲಿಬ್‌ಆರ್‌ಬಿಡಿಯದೋ ಅನ್ನುವುದನ್ನೂ ಅಲ್ಲೇ ಹೇಳಬೇಕು. ಹೇಳದಿದ್ದರೆ ಕ್ಯೂಎಮುನದು ಅಂತ ಲಿಬ್‌ವರ್ಟ್ ತಿಳಿದುಕೊಳ್ಳುತ್ತದೆ.

ಲೈವ್ ಮೈಗ್ರೇಶನ್‌ನಲ್ಲಿ ಬಹಳ ಜನ ಇಲ್ಲೇ ಮುಗ್ಗರಿಸುತ್ತಾರೆ. ವಿಎಂ ಹೋಗುವ ಹೋಸ್ಟ್‌ನಲ್ಲೂ ಅದೇ ಗುರುತಿನ ಸಂಖ್ಯೆಯ ಸೀಕ್ರೆಟ್ ಮೊದಲೇ ಇರಬೇಕು. ಲಿಬ್‌ವರ್ಟ್ ಅದನ್ನು ತಾನಾಗಿ ಒಯ್ಯುವುದಿಲ್ಲ. ಓಪನ್‌ಸ್ಟ್ಯಾಕ್‌ನಂಥ ದೊಡ್ಡ ವ್ಯವಸ್ಥೆಗಳಲ್ಲಿ ಬಾರ್ಬಿಕನ್ ಅನ್ನುವ ಪ್ರತ್ಯೇಕ ಕೀ ಸೇವೆಯಿಂದ ಕೀ ತಂದು ಹೋಸ್ಟ್‌ಗೆ ಕೊಡುತ್ತಾರೆ. ಕೈಯಾರೆ ನಾಲ್ಕೈದು ಸರ್ವರ್ ಓಡಿಸುವವರು ಈ ಕೆಲಸವನ್ನು ತಾವೇ ಮಾಡಬೇಕು.

ತಂತಿಯ ಮೇಲೆ ಇನ್ನೊಂದು ಮುಸುಕು ಬೇಕಾ?

ಡೇಟಾ ಹೋಸ್ಟ್‌ನಲ್ಲೇ ಎನ್‌ಕ್ರಿಪ್ಟ್ ಆಗಿ ಹೊರಟರೆ ತಂತಿಯ ಎನ್‌ಕ್ರಿಪ್ಶನ್ ಯಾಕೆ ಅಂತ ಕೇಳಬಹುದು. ಬೇಕು, ಯಾಕಂದರೆ ತಂತಿಯಲ್ಲಿ ಡೇಟಾ ಅಷ್ಟೇ ಹೋಗುವುದಿಲ್ಲ. ಯಾವ ಇಮೇಜ್, ಯಾವ ಜಾಗ, ಯಾವಾಗ ಅನ್ನುವುದೆಲ್ಲ ಹೋಗುತ್ತದೆ. ಮಧ್ಯೆ ಕೂತವನು ಓದಲಾಗದಿದ್ದರೂ ಕೆಡಿಸಬಹುದು.

ಸೆಫ್‌ನಲ್ಲಿ 2019ರ ನಾಟಿಲಸ್ ಆವೃತ್ತಿಯಿಂದ ಎರಡನೆಯ ತಲೆಮಾರಿನ ಸಂದೇಶ ವಿಧಾನ ಇದೆ. ಇದರಲ್ಲಿ ಪೂರ್ತಿ ಎನ್‌ಕ್ರಿಪ್ಟ್ ಆದ ಸೆಕ್ಯೂರ್ ಮೋಡ್ ಇದೆ. ಆದರೆ ಡೇಟಾ ದಾರಿಗೆ ತಾನಾಗಿ ಆನ್ ಆಗಿರುವುದು ಸಿಆರ್‌ಸಿ ಮೋಡ್. ಅದು ಆಕಸ್ಮಿಕ ದೋಷ ಹಿಡಿಯುತ್ತದೆ, ಕದ್ದು ನೋಡುವುದನ್ನು ತಡೆಯುವುದಿಲ್ಲ. ಸೆಕ್ಯೂರ್ ಬೇಕಾದರೆ ನೀವೇ ಬದಲಾಯಿಸಬೇಕು.

ಮಿಕ್ಕವುಗಳ ಕಥೆ ಚಿಕ್ಕದು. ಎನ್‌ಬಿಡಿಗೆ ಕ್ಯೂಎಮು 2.6ರಲ್ಲೇ ಟಿಎಲ್‌ಎಸ್, ಅಂದರೆ ತಂತಿಯ ಎನ್‌ಕ್ರಿಪ್ಶನ್ ಬಂತು. ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಎನ್‌ಎಫ್‌ಎಸ್‌ಗೆ ಟಿಎಲ್‌ಎಸ್ ಮಾನದಂಡ 2022ರಲ್ಲಿ ಪ್ರಕಟವಾಯಿತು. ಲಿನಕ್ಸ್‌ನಲ್ಲಿ 6.4ರಲ್ಲಿ ಸರ್ವರ್ ಕಡೆಗೂ, 6.5ರಲ್ಲಿ ಕ್ಲೈಂಟ್ ಕಡೆಗೂ ಸೇರಿತು. ಐಸ್ಕಸಿಯಲ್ಲಿ ತನ್ನದೇ ಆದ ಎನ್‌ಕ್ರಿಪ್ಶನ್ ಇಲ್ಲ, ನೆಟ್‌ವರ್ಕ್ ಮಟ್ಟದಲ್ಲೇ ಮುಚ್ಚುವ ಐಪಿಸೆಕ್ ಮೊರೆ ಹೋಗಬೇಕು.

ಇಷ್ಟಾದರೂ ಉಳಿಯುವ ತೂತುಗಳು

ಲಕ್ಸ್ ಬಳಸುವ ಎಕ್ಸ್‌ಟಿಎಸ್ ವಿಧಾನ ಗುಟ್ಟು ಕಾಪಾಡುತ್ತದೆ. ಬದಲಾವಣೆ ಆಗಿದೆಯೇ ಅಂತ ಹಿಡಿಯುವುದಿಲ್ಲ. ಸೆಕ್ಟರ್ ಎಷ್ಟು ಬೈಟೋ, ಎನ್‌ಕ್ರಿಪ್ಟ್ ಆದ ಮೇಲೂ ಅಷ್ಟೇ. ಮೊಹರು ಒತ್ತಲು ಹೆಚ್ಚುವರಿ ಜಾಗವೇ ಇಲ್ಲ. ಸ್ಟೋರೇಜ್ ಅಡ್ಮಿನ್ ನಿಮ್ಮ ಡಿಸ್ಕಿನ ಒಂದು ಸೆಕ್ಟರನ್ನು ಹೋದ ವಾರದ್ದಕ್ಕೆ ತಿರುಗಿಸಿಟ್ಟರೆ, ಡಿಕ್ರಿಪ್ಟ್ ಆಗಿ ಸರಿಯಾದ ಹಳೆಯ ಡೇಟಾ ಬರುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ.

ಸ್ನ್ಯಾಪ್‌ಶಾಟ್ ಇದ್ದರೆ ಇನ್ನೊಂದು ಸೋರಿಕೆ. ಒಂದೇ ಸೆಕ್ಟರ್‌ಗೆ ಒಂದೇ ಡೇಟಾ ಬರೆದರೆ ಎಕ್ಸ್‌ಟಿಎಸ್‌ನಲ್ಲಿ ಒಂದೇ ಫಲಿತಾಂಶ ಬರುತ್ತದೆ. ಎರಡು ಸ್ನ್ಯಾಪ್‌ಶಾಟ್ ಹೋಲಿಸಿದವನಿಗೆ ಯಾವ 16 ಬೈಟಿನ ತುಂಡು ಬದಲಾಗಿದೆ, ಯಾವುದು ಇಲ್ಲ ಅನ್ನುವುದು ತಿಳಿಯುತ್ತದೆ. ಏನು ಬರೆದಿದೆ ಅಂತ ತಿಳಿಯುವುದಿಲ್ಲ, ಎಲ್ಲಿ ಬರೆದಿದೆ ಅಂತ ಗೊತ್ತಾಗುತ್ತದೆ.

ಸ್ನ್ಯಾಪ್‌ಶಾಟ್‌ನ ಇನ್ನೊಂದು ಕಾಟ ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವಂಥದ್ದು. ಪಾಸ್‌ವರ್ಡ್ ಸೋರಿತು, ಬದಲಾಯಿಸಿದಿರಿ, ಹಳೆಯ ಸ್ಲಾಟ್ ಅಳಿಸಿದಿರಿ. ಆದರೆ ಹೋದ ತಿಂಗಳ ಸ್ನ್ಯಾಪ್‌ಶಾಟ್‌ನಲ್ಲಿ ಹಳೆಯ ಹೆಡರ್ ಹಾಗೇ ಇದೆ. ಹಳೆಯ ಪಾಸ್‌ವರ್ಡ್‌ನಿಂದ ಅದು ತೆರೆಯುತ್ತದೆ. ಸಿಗುವುದು ಇವತ್ತಿನ ಡಿಸ್ಕಿನ ಮಾಸ್ಟರ್ ಕೀ, ಯಾಕಂದರೆ ಅದು ಬದಲಾಗಿಲ್ಲ. ಡಿಸ್ಕ್ ಬೇಡವಾದಾಗ ಹೆಡರ್ ಅಳಿಸಿಬಿಟ್ಟರೆ ಡೇಟಾ ನಾಶವಾದಂತೆ ಅನ್ನುವ ಮಾತೂ ಇದೇ ಕಾರಣಕ್ಕೆ ನೆಟ್‌ವರ್ಕ್ ಸ್ಟೋರೇಜ್‌ನಲ್ಲಿ ಪೂರ್ತಿ ನಿಜವಲ್ಲ. ಸ್ನ್ಯಾಪ್‌ಶಾಟ್, ಬ್ಯಾಕಪ್, ಬೇರೆ ಊರಿನ ಮಿರರ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯಲ್ಲಿ ತಕ್ಕಷ್ಟು ಸುರಕ್ಷತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೂ ದಂಡ ಇದೆ. ಆಸ್ಪತ್ರೆಗೋ ಸಹಕಾರಿ ಬ್ಯಾಂಕಿಗೋ ಸರ್ವರ್ ನೋಡಿಕೊಳ್ಳುವವರು ಈ ಮೂಲೆಯನ್ನೂ ಒಮ್ಮೆ ಗುಡಿಸುವುದು ಒಳ್ಳೆಯದು.

ಸ್ಟೋರೇಜ್ ಕಡೆಯ ಉಳಿತಾಯವೂ ಹೋಗುತ್ತದೆ. ಎನ್‌ಕ್ರಿಪ್ಟ್ ಆದ ಡೇಟಾ ಕಂಪ್ರೆಸ್ ಆಗುವುದಿಲ್ಲ. ಇನ್ನು ಪೂರ್ತಿ ಸೆಕ್ಟರ್‌ಗಿಂತ ಚಿಕ್ಕ ಬರಹ ಬಂದರೆ, ಮೊದಲು ಓದಿ, ಬಿಚ್ಚಿ, ತಿದ್ದಿ, ಮತ್ತೆ ಮುಚ್ಚಿ ಬರೆಯಬೇಕು. ಲಿಬ್‌ಆರ್‌ಬಿಡಿಯ ಲಕ್ಸ್2ರಲ್ಲಿ ಸೆಕ್ಟರ್ 4096 ಬೈಟಿನದು. 512 ಬೈಟಿನ ಸಣ್ಣ ಬರಹ ಜಾಸ್ತಿ ಮಾಡುವ ಹಳೆಯ ಗೆಸ್ಟ್‌ಗಳಲ್ಲಿ ಇದು ನೆಟ್‌ವರ್ಕ್‌ನ ಇನ್ನೊಂದು ಸುತ್ತು ಅಂತಲೇ ಅರ್ಥ.

ಎಲ್ಲ ಹೊಂದಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ವಿಎಂ ಒಳಗೆ ಬೇರೆಲ್ಲೂ ಇರಲಾರದ ಒಂದು ಉದ್ದನೆಯ ಪದವನ್ನು ಫೈಲ್‌ನಲ್ಲಿ ಬರೆದು ಸಿಂಕ್ ಮಾಡಿ. ಸ್ಟೋರೇಜ್ ಕಡೆಯಿಂದ ಆ ಇಮೇಜನ್ನು ಕೀ ಕೊಡದೆ ಎಕ್ಸ್‌ಪೋರ್ಟ್ ಮಾಡಿ, ಆ ಪದ ಹುಡುಕಿ. ಸಿಗಬಾರದು. ಮೊದಲ ನಾಲ್ಕು ಬೈಟು ಕೂಡ ನೋಡಿ. ಲಕ್ಸ್ ಅಕ್ಷರಗಳಿದ್ದರೆ ಮಾನಕ ಇಮೇಜ್. ಆರ್‌ಬಿಡಿಎಲ್ ಇದ್ದರೆ ಮೂಲದ ಮೇಲೆ ನಿಂತ ಕ್ಲೋನ್. ಎರಡೂ ಇಲ್ಲದೆ ಪಾರ್ಟಿಷನ್ ಟೇಬಲ್ ಕಂಡರೆ ಎಕ್ಸ್‌ಎಂಎಲ್‌ನಲ್ಲಿ ಎನ್‌ಕ್ರಿಪ್ಶನ್ ಭಾಗ ಬಿಟ್ಟುಹೋಗಿದೆ, ಮೊದಲಿಂದ ನೋಡಿ.